ಕನ್ನಡದ ವಾಕ್ಯದಂತೆ ಲೆಕ್ಕ ಮಾಡುವ ಕ್ಯಾಲ್ಕ್ಯುಲೇಟರ್

ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಮುಂದೆ ಕಂಪ್ಯೂಟರ್ ವಿದ್ಯೆಯನ್ನು ಕಲಿಯಬಲ್ಲದೇ? ಆದವಾನಿ, ಹೊಳಗುಂದ, ಕೌತಾಳಂ, ಕೋಸಿಗಿ ಭಾಗದ ಪಾಲಕರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ಆದವಾನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೂ ಉಳಿದು ಬಂದ ಕನ್ನಡ ಶಾಲೆಗಳ ಭವಿಷ್ಯವು ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿದೆ. ಆದ್ದರಿಂದ ಒಂದು ನಿದರ್ಶನದ ಮೂಲಕ ಉತ್ತರಿಸುತ್ತೇವೆ.

ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯು 1974ರಲ್ಲಿ ಎಚ್‌ಪಿ-65 ಎಂಬ ಕ್ಯಾಲ್ಕ್ಯುಲೇಟರನ್ನು ಮಾರುಕಟ್ಟೆಗೆ ತಂದಿತು. ಅಂಗೈಯಲ್ಲಿ ಹಿಡಿಯಬಹುದಾದ ಆ ಯಂತ್ರಕ್ಕೆ 100 ಹಂತಗಳ ಪ್ರೋಗ್ರಾಮನ್ನು ಬರೆದು, ಕಾಂತೀಯ ಪಟ್ಟಿಯಲ್ಲಿ ಉಳಿಸಿಡಬಹುದಾಗಿತ್ತು. ಇಂದು ಅದು ತಯಾರಾಗುತ್ತಿಲ್ಲ. ಆದರೆ ಅದರ ನಡವಳಿಕೆಯನ್ನು ಇಂದಿನ ಕಂಪ್ಯೂಟರಿನಲ್ಲಿ ಮರುಸೃಷ್ಟಿಸಬಹುದು. ಹಾಗೆ ಮಾಡುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು.

ಕ್ರಿಯಾಪದ ಕೊನೆಗೆ

ಬೆಳಿಗ್ಗೆ 12, ಸಂಜೆ 9 ಮೂಟೆ ಹತ್ತಿ ಬಂದಿತು. ಪ್ರತಿ ಮೂಟೆ 45 ಕಿಲೋ ಎಂದಿಟ್ಟುಕೊಳ್ಳೋಣ. ಸಾಮಾನ್ಯ ಪದ್ಧತಿಯಲ್ಲಿ ಇದಕ್ಕೆ ಆವರಣ ಚಿಹ್ನೆ ಬೇಕು: (12 + 9) × 45. ಎಚ್‌ಪಿ-65ರಲ್ಲಿ 12 ಒತ್ತಿ ಎಂಟರ್, ಬಳಿಕ 9, +, 45, × ಎಂದು ಒತ್ತಿದರೆ 945 ಬರುತ್ತದೆ. ಸಂಖ್ಯೆಗಳು ಮೊದಲು, ಕ್ರಿಯೆ ಕೊನೆಗೆ. "12ಕ್ಕೆ 9ನ್ನು ಕೂಡಿಸು, ಬಂದುದನ್ನು 45ರಿಂದ ಗುಣಿಸು" ಎಂಬ ನಮ್ಮ ಮಾತಿನ ಕ್ರಮವೂ ಇದೇ ಅಲ್ಲವೇ? ಇಂಗ್ಲಿಷಿನಲ್ಲಿ ಆಜ್ಞೆ ಮೊದಲು ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ.

ಯಂತ್ರದೊಳಗೆ ಎಕ್ಸ್, ವೈ, ಝಡ್, ಟಿ ಎಂಬ ನಾಲ್ಕು ಮನೆಗಳು ಒಂದರ ಮೇಲೊಂದು ಇರುತ್ತವೆ. ಎಂಟರ್ ಒತ್ತಿದಾಗ ಸಂಖ್ಯೆಗಳು ಒಂದೊಂದು ಮನೆ ಮೇಲೇರುತ್ತವೆ. + ಒತ್ತಿದಾಗ ಕೆಳಗಿನ ಎರಡು ಕೂಡಿ ಉತ್ತರವು ಎಕ್ಸ್‌ನಲ್ಲಿ ನಿಲ್ಲುತ್ತದೆ. ಮೇಲಿನವು ಒಂದೊಂದು ಮನೆ ಕೆಳಗಿಳಿಯುತ್ತವೆ.

ಎಮ್ಯುಲೇಟರ್ ಬರೆಯುವ ಬಗೆ

ಎರಡು ದಾರಿಗಳಿವೆ. ಮೊದಲನೆಯದು, ಹೊರಗಿನ ವರ್ತನೆಯನ್ನು ನೋಡಿ ಹೊಸದಾಗಿ ಬರೆಯುವುದು. 1988ರ ಎಚ್‌ಪಿ-42ಎಸ್ ಯಂತ್ರವನ್ನು ಅನುಕರಿಸುವ ಫ್ರೀ42 ತಂತ್ರಾಂಶವು ಈ ಬಗೆಯದು. ಎರಡನೆಯದು, ಯಂತ್ರದ ಸ್ಮೃತಿಕೋಶದಲ್ಲಿರುವ ಮೂಲ ಸೂಚನೆಗಳನ್ನೇ ಒಂದೊಂದಾಗಿ ಓದಿ ನಡೆಸುವುದು. ಎರಿಕ್ ಸ್ಮಿತ್ ಅವರ ನಾನ್‌ಪರೇಲ್ ಈ ಬಗೆಯದು.

ಎಚ್‌ಪಿ-65ರ ಒಂದು ಸಂಖ್ಯೆಗೆ 14 ಸ್ಥಾನಗಳು, ಪ್ರತಿ ಸ್ಥಾನಕ್ಕೆ 4 ಬಿಟ್‌ಗಳು, ಒಟ್ಟು 56 ಬಿಟ್‌ಗಳು. ನಮ್ಮ ಮಕ್ಕಳು ದಶಕ ಹಿಡಿದು ಕೂಡುವಂತೆಯೇ ಅದು ಅಂಕೆ ಅಂಕೆಯಾಗಿ ಕೂಡುತ್ತದೆ. ಇಂದಿನ ಕಂಪ್ಯೂಟರಿನ ಸಾಮಾನ್ಯ ದ್ವಿಮಾನ ಲೆಕ್ಕದಲ್ಲಿ 0.1 ಮತ್ತು 0.2 ಕೂಡಿದರೆ ನಿಖರವಾಗಿ 0.3 ಬರುವುದಿಲ್ಲ. ಆದ್ದರಿಂದ ಎಮ್ಯುಲೇಟರ್ ಬರೆಯುವವರು ಶಾಲೆಯ ಕೂಡುವ ಲೆಕ್ಕವನ್ನೇ ಮತ್ತೆ ಕಲಿಸಬೇಕಾಗುತ್ತದೆ, ಈ ಸಲ ಯಂತ್ರಕ್ಕೆ.

ತಪ್ಪುಗಳನ್ನೂ ಉಳಿಸಿಕೊಳ್ಳಬೇಕು. 1972ರ ಎಚ್‌ಪಿ-35ರ ಆರಂಭದ ಯಂತ್ರಗಳಲ್ಲಿ 2.02ರ ಸ್ವಾಭಾವಿಕ ಲಾಗರಿದಮ್ ತೆಗೆದು, ಅದರಿಂದ ಮೂಲ ಸಂಖ್ಯೆಗೆ ಮರಳಿದರೆ 2 ಎಂದು ಬರುತ್ತಿತ್ತು. ಮೂಲ ಸೂಚನೆಗಳನ್ನು ನಡೆಸುವ ಎಮ್ಯುಲೇಟರ್ ಕೂಡ 2 ಎಂದೇ ತೋರಿಸಬೇಕು.

ಪಾಲಕರಿಗೆ

ಪ್ರೋಗ್ರಾಮಿಂಗ್ ಭಾಷೆಗಳ ಪದಗಳು ಬಹುತೇಕ ಇಂಗ್ಲಿಷಿನವು. ಅವನ್ನು ಮಕ್ಕಳು ಕಲಿಯಲೇಬೇಕು. ಆದರೆ ಸ್ಥಾನಬೆಲೆ, ದಶಕ, ಕ್ರಮ, ತರ್ಕ ಇವೆಲ್ಲವೂ ಮಾತೃಭಾಷೆಯಲ್ಲಿಯೇ ಗಟ್ಟಿಯಾಗಬಲ್ಲವು. ಫ್ರೀ42 ಮೊಬೈಲಿನಲ್ಲಿ ಉಚಿತವಾಗಿ ದೊರೆಯುತ್ತದೆ. ಮಕ್ಕಳಿಗೆ ಕಾಗದದ ಮೇಲೆ ನಾಲ್ಕು ಮನೆ ಬರೆಯಲು ಹೇಳಿರಿ. ಮೂಟೆಯ ಲೆಕ್ಕವನ್ನು ಕನ್ನಡದಲ್ಲಿ ನುಡಿಯುತ್ತಾ ಒಂದೊಂದೇ ಗುಂಡಿ ಒತ್ತಲಿ.