ದೂರ ಚಿಕಿತ್ಸೆ: ರೋಗಿಗೆ ಸಮಾಧಾನ, ಆರೈಕೆ ಮಾಡುವವರಿಗೆ?



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ನಮ್ಮ ಸದಸ್ಯರ ಮನೆಗಳಲ್ಲಿ ಲಕ್ವ ಹೊಡೆದು ಹಾಸಿಗೆ ಹಿಡಿದವರೂ, ತೆಂಗಿನ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರೂ ಇದ್ದಾರೆ. ಆಸ್ಪತ್ರೆಯಲ್ಲಿ ಜೀವ ಉಳಿದರೂ ಕೈಕಾಲು ಮತ್ತೆ ಕೆಲಸಕ್ಕೆ ಬರಬೇಕಾದರೆ ತಿಂಗಳುಗಟ್ಟಲೆ ವ್ಯಾಯಾಮ ಬೇಕು. ಅಟ್ಟಕ್ಕೇರಿಸಿದ ಕಾಯಿ ಒಂದೇ ತಿಂಗಳಿಗೆ ಕೊಬ್ಬರಿಯಾಗುವುದಿಲ್ಲವೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಆದರೆ ವಾರಕ್ಕೆ ಮೂರು ಸಲ ರೋಗಿಯನ್ನು ಬಾಡಿಗೆ ಕಾರಿನಲ್ಲಿ ತುಮಕೂರಿಗೋ ಬೆಂಗಳೂರಿಗೋ ಕರೆದೊಯ್ಯುವುದು ಎಷ್ಟು ಮನೆಗಳಿಗೆ ಸಾಧ್ಯ? ಆದ್ದರಿಂದಲೇ ಫಿಸಿಯೋಥೆರಪಿಯವರು ತಮ್ಮ ಊರಿನಲ್ಲಿದ್ದುಕೊಂಡೇ ಮೊಬೈಲಿನ ವಿಡಿಯೋದಲ್ಲಿ ರೋಗಿಯನ್ನು ನೋಡುತ್ತ ವ್ಯಾಯಾಮ ಮಾಡಿಸುವ ಪದ್ಧತಿ ಬಳಕೆಗೆ ಬಂದಿದೆ.

ದೂರದಿಂದ ವೈದ್ಯಸಲಹೆ ಪಡೆಯುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 2002ರಲ್ಲಿಯೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಇಸ್ರೋ ಉಪಗ್ರಹದ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಆಗ ಉಪಗ್ರಹ ಬೇಕಿತ್ತು. ಈಗ ಜೇಬಿನ ಫೋನು ಸಾಕು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ವೈದ್ಯರ ದೂರ ಸಲಹೆಗೆ ಮಾರ್ಗಸೂಚಿ ಹೊರಡಿಸಿತು. ಮಾತು ತಪ್ಪಿದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದೂರದಿಂದಲೂ ವಾಕ್ ಚಿಕಿತ್ಸೆ ನೀಡುತ್ತದೆ.

ಇದರಿಂದ ಗುಣ ಕಾಣುವುದೇ? 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಲಕ್ವದಿಂದ ಕೈ ಸೋತ 124 ಮಂದಿಯಲ್ಲಿ ಕೆಲವರಿಗೆ ಚಿಕಿತ್ಸಾಲಯದಲ್ಲಿ, ಉಳಿದವರಿಗೆ ದೂರದಿಂದ ಮನೆಯಲ್ಲಿ 36 ಸಲ ವ್ಯಾಯಾಮ ಮಾಡಿಸಿದರು. ಎರಡೂ ಗುಂಪಿನವರು ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದರು. ಆದರೆ 2017ರಲ್ಲಿ ಪ್ರಕಟವಾದ ನಮ್ಮ ದೇಶದ ಅಧ್ಯಯನ ಬೇರೊಂದು ಪಾಠ ಹೇಳುತ್ತದೆ. 14 ಆಸ್ಪತ್ರೆಗಳ 1,250 ಲಕ್ವ ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ಮನೆಯವರಿಗೆ ವ್ಯಾಯಾಮ ಕಲಿಸಲಾಯಿತು. ಆರು ತಿಂಗಳ ನಂತರ ಇತರರಿಗಿಂತ ಅವರಲ್ಲಿ ಹೆಚ್ಚಿನ ಗುಣ ಕಾಣಲಿಲ್ಲ. ಮನೆಯವರಿಗೆ ಕಲಿಸಿ ಭಾರವನ್ನು ಅವರ ಮೇಲೆ ಬಿಟ್ಟರೆ ಸಾಲದು, ತಿಳಿದವರ ಕಣ್ಣು ಮೇಲಿರಬೇಕು ಎಂದು ನಾವು ಇವೆರಡರಿಂದ ತಿಳಿದುಕೊಂಡಿದ್ದೇವೆ.

ಈಗ ಸಮಾಧಾನದ ಮಾತು. ನಮ್ಮ ಅಣ್ಣನವರಿಗೆ ಲಕ್ವ ಹೊಡೆದು ಬಲಭಾಗ ಸೋತಾಗ ಹೀಗೆಯೇ ಚಿಕಿತ್ಸೆ ನಡೆಯಿತು. ಎರಡು ತಿಂಗಳಾದ ಮೇಲೆ ಆಸ್ಪತ್ರೆಯವರು ಫೋನಿನಲ್ಲಿ "ತೃಪ್ತಿಯಾಗಿದೆಯೇ?" ಎಂದು ಕೇಳಿದರು. ಅಣ್ಣನವರು "ಬಹಳ ಚೆನ್ನಾಗಿದೆ" ಎಂದರು. ಸುಳ್ಳಲ್ಲ, ಪ್ರಯಾಣದ ಯಾತನೆ ತಪ್ಪಿತ್ತು, ಕಣ್ಣೆದುರು ತೋಟವಿತ್ತು. ಆದರೆ ಅತ್ತಿಗೆಯವರು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅಣ್ಣನವರನ್ನು ಹಿಡಿಯಬೇಕಾಗಿತ್ತು. ನಡುವೆ ಸಿಗ್ನಲ್ ಹೋಗುತ್ತಿತ್ತು. ಎಬ್ಬಿಸಿ ಕೂರಿಸಿ ಅವರ ಸೊಂಟ ಹಿಡಿದುಕೊಂಡಿತ್ತು. ತಪ್ಪು ಮಾಡಿಸಿಬಿಟ್ಟರೆ ಎಂಬ ಹೆದರಿಕೆ ಬೇರೆ. ಮೂರನೆಯ ತಿಂಗಳು ಅಣ್ಣನವರ ಭುಜ ಬಿಗಿದುಕೊಂಡಾಗಲೇ ವ್ಯಾಯಾಮ ಎಷ್ಟೋ ದಿನ ನಿಂತಿದ್ದುದು ನಮಗೆ ತಿಳಿದದ್ದು. "ನಿಮ್ಮಣ್ಣನ್ನ ಎಲ್ಲರೂ ಕೇಳಿದರು, ನನ್ನನ್ನ ಯಾರು ಕೇಳಿದರಪ್ಪ?" ಎಂದರು ಅತ್ತಿಗೆ. ಅದೇ ಹಟ್ಟಿಯಲ್ಲಿದ್ದ ನಾವೂ ಕೇಳಿರಲಿಲ್ಲ.

ಆದ್ದರಿಂದ ಸದಸ್ಯರ ಗಮನಕ್ಕೆ:

1. ಮೊದಲ ಪರೀಕ್ಷೆ ಆಸ್ಪತ್ರೆಯಲ್ಲಿ ಮುಖಾಮುಖಿಯಾಗಿಯೇ ನಡೆಯಲಿ.

2. ವಿಡಿಯೋ ವೇಳೆಯಲ್ಲಿ ಇಬ್ಬರಿರಲಿ; ಒಬ್ಬರು ಫೋನಿಗೆ, ಒಬ್ಬರು ರೋಗಿಗೆ.

3. ಸೋತ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಬಾರದು. ಭುಜದ ಕೀಲಿಗೆ ಅಪಾಯ. ಎಬ್ಬಿಸುವ ಕ್ರಮವನ್ನು ಚಿಕಿತ್ಸಕರಿಂದಲೇ ಕಲಿಯಿರಿ.

4. ಪ್ರತಿ ಸಲವೂ ಕೊನೆಯ ಐದು ನಿಮಿಷ ಆರೈಕೆ ಮಾಡುವವರ ಮಾತಿಗೆ ಮೀಸಲಿರಲೆಂದು ಕೇಳಿಕೊಳ್ಳಿ. ಅವರ ಸಮಾಧಾನವನ್ನು ರೋಗಿಯ ಎದುರಿಗಲ್ಲದೆ ಬೇರೆಯಾಗಿ ವಿಚಾರಿಸಬೇಕು.

5. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಹೊಸದಾಗಿ ಕೈಕಾಲು ಸೋತರೆ ವಿಡಿಯೋ ಸಮಯಕ್ಕೆ ಕಾಯದೆ 108ಕ್ಕೆ ಕರೆಮಾಡಿ.

ಮನೆಯಲ್ಲಿ ಸಿಗ್ನಲ್ ಇಲ್ಲದವರಿಗೆ ಸಂಘದ ಕಚೇರಿಯ ಕೊಠಡಿಯೊಂದನ್ನು ಬಿಟ್ಟುಕೊಡುವ ವಿಚಾರವನ್ನು ಮುಂದಿನ ಸಭೆಯಲ್ಲಿ ಇಡುತ್ತೇವೆ. ಅಂದು ಸದಸ್ಯರು ತಮ್ಮ ಮನೆಯ ಹೆಣ್ಣುಮಕ್ಕಳನ್ನೂ ಕರೆತರಬೇಕೆಂದು ವಿನಂತಿ. ಈ ವಿಷಯದಲ್ಲಿ ನಮಗಿಂತ ಹೆಚ್ಚು ತಿಳಿದವರು ಅವರು.

— ಕಾರ್ಯದರ್ಶಿ