ಅರೆ ಸ್ವಯಂಚಾಲಿತ ಶಾಟ್‌ಗನ್‌ನ ಆಯ್ಕೆ

ಅರೆ ಸ್ವಯಂಚಾಲಿತ ಶಾಟ್‌ಗನ್ ಎಂದರೆ ಟ್ರಿಗರ್ ಎಳೆದ ಪ್ರತಿ ಸಲವೂ ಒಂದು ತೋಟಾವನ್ನು ಹಾರಿಸಿ, ಖಾಲಿ ತೋಟಾವನ್ನು ತಾನೇ ಹೊರಗೆಸೆದು, ಮುಂದಿನದನ್ನು ನಳಿಗೆಯ ಬುಡಕ್ಕೆ ತಂದುಕೊಳ್ಳುವ ಚರೆಕೋವಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದನ್ನು ಮುಖ್ಯವಾಗಿ ಎರಡು ಉದ್ದೇಶಗಳಿಗೆ ಕೊಳ್ಳುತ್ತಾರೆ: ಯಂತ್ರದಿಂದ ಚಿಮ್ಮುವ ಬಿಲ್ಲೆಗಳನ್ನು ಹೊಡೆಯುವ 'ಕ್ಲೇ' ಕ್ರೀಡೆ ಮತ್ತು ಬಾತು, ಹೆಬ್ಬಾತುಗಳ ಬೇಟೆ. ಹೆಸರಿನಲ್ಲಿ ಮಣ್ಣು ಇದ್ದರೂ ಇಂದಿನ ಬಿಲ್ಲೆಗಳು ಸುಣ್ಣದ ಕಲ್ಲಿನ ಪುಡಿ ಮತ್ತು ಡಾಂಬರಿನಂತಹ ಅಂಟಿನಿಂದ ಆದವು. ಒಂದೇ ಕೋವಿಯಿಂದ ಎರಡೂ ಕೆಲಸ ಆಗಬೇಕೆಂಬುದು ಸಾಮಾನ್ಯ ಅಪೇಕ್ಷೆ. ಆದರೆ ಮೈದಾನ ಬಯಸುವ ಗುಣಗಳೂ ಜೌಗುನೆಲ ಬಯಸುವ ಗುಣಗಳೂ ಹಲವೆಡೆ ಪರಸ್ಪರ ವಿರುದ್ಧವಾಗಿವೆ.

ಹಿನ್ನೆಲೆ

ಈ ಬಗೆಯ ಮೊದಲ ಯಶಸ್ವೀ ಕೋವಿಯನ್ನು ರೂಪಿಸಿದವರು ಜಾನ್ ಬ್ರೌನಿಂಗ್. ಅಮೆರಿಕದ ವಿಂಚೆಸ್ಟರ್ ಸಂಸ್ಥೆಯೊಡನೆ ಒಪ್ಪಂದ ಕುದುರದೆ, ಅವರು ತಮ್ಮ ವಿನ್ಯಾಸವನ್ನು ಬೆಲ್ಜಿಯಮ್ಮಿನ ಎಫ್.ಎನ್. ಕಾರ್ಖಾನೆಗೆ ಒಯ್ದರು. 'ಆಟೋ-5' ಎಂಬ ಆ ಕೋವಿ 20ನೆಯ ಶತಮಾನದ ಬಹುಪಾಲು ಕಾಲ ತಯಾರಾಯಿತು.

ಎರಡು ಕಾರ್ಯವಿಧಾನಗಳು

ಇಂದು ಪ್ರಚಲಿತವಾಗಿರುವ ವಿಧಾನಗಳು ಎರಡು. ಮೊದಲನೆಯದು ಅನಿಲಚಾಲಿತ. ತೋಟಾ ಸಿಡಿದಾಗ ಹುಟ್ಟುವ ಅನಿಲದ ಅಲ್ಪಾಂಶ ನಳಿಗೆಯ ರಂಧ್ರಗಳ ಮೂಲಕ ಇಳಿದು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಇದರ ಪ್ರಸಿದ್ಧ ಉದಾಹರಣೆ. ಇದರಲ್ಲಿ ಹೆಗಲಿಗೆ ತಾಗುವ ಒದೆತ ಕೊಂಚ ಹೊತ್ತಿಗೆ ಹರಡಿಹೋಗುವುದರಿಂದ ಮೆತ್ತಗೆ ಅನ್ನಿಸುತ್ತದೆ. ಒಂದು ಸುತ್ತಿಗೆ 25ರಂತೆ ದಿನಕ್ಕೆ 100 ಬಿಲ್ಲೆ ಹೊಡೆಯುವವನಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಮಸಿ ಕೋವಿಯೊಳಗೇ ಕೂರುತ್ತದೆ, ಆಗಾಗ ಬಿಚ್ಚಿ ಶುಚಿಗೊಳಿಸಬೇಕು.

ಎರಡನೆಯದು ಜಡತ್ವದ ವಿಧಾನ. ಇಟಲಿಯ ಬೆನೆಲ್ಲಿ ಸಂಸ್ಥೆ ಇದನ್ನು ಜನಪ್ರಿಯಗೊಳಿಸಿತು. ಕೋವಿ ಹಿಂದಕ್ಕೆ ಸರಿಯುವಾಗ ಒಳಗಿನ ಭಾರವಾದ ಬೋಲ್ಟ್ ಕ್ಷಣಕಾಲ ಇದ್ದಲ್ಲೇ ಉಳಿದು ಸ್ಪ್ರಿಂಗನ್ನು ಒತ್ತುತ್ತದೆ. ಆ ಸ್ಪ್ರಿಂಗ್ ಬಿಚ್ಚಿಕೊಂಡಾಗ ಬೋಲ್ಟ್ ಹಿಂದೆ ಹಾರುತ್ತದೆ. ಅನಿಲ ನಳಿಗೆಯ ಬಾಯಿಂದಲೇ ಹೊರಹೋಗುವುದರಿಂದ ಯಂತ್ರಭಾಗ ಹೆಚ್ಚು ಕಾಲ ಶುಭ್ರವಾಗಿರುತ್ತದೆ. ಕೆಸರು, ಮಳೆ, ಚಳಿಯಲ್ಲಿ ಕಾದು ಕೂರುವ ಬೇಟೆಗಾರರು ಇದನ್ನು ಮೆಚ್ಚುವುದು ಇದಕ್ಕಾಗಿ. ಆದರೆ ಒದೆತ ಚುರುಕಾಗಿ ತಾಗುತ್ತದೆ. ಕ್ರೀಡೆಯ ಹಗುರ ತೋಟಾಗಳನ್ನು ಬಳಸಿದಾಗ, ಅಥವಾ ಕೋವಿಗೆ ಹೆಚ್ಚುವರಿ ಭಾರ ಕಟ್ಟಿದಾಗ, ಬೋಲ್ಟ್ ಪೂರ್ತಿ ಹಿಂದೆ ಸರಿಯದೆ ಕೈಕೊಡಲೂಬಹುದು.

ತೋಟಾ ಮತ್ತು ಗೂಡು

ಒಂದು ಪೌಂಡ್ ಸೀಸದಿಂದ 12 ಸಮಾನ ಗುಂಡುಗಳನ್ನು ಎರಕ ಹೊಯ್ದರೆ ಅವುಗಳಲ್ಲೊಂದರ ವ್ಯಾಸವೆಷ್ಟೋ ಅಷ್ಟು ಅಗಲದ ನಳಿಗೆಯೇ '12 ಗೇಜ್', ಅಂದರೆ ಸುಮಾರು 18.5 ಮಿ.ಮೀ. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ತೋಟಾ ಕೂರುವ ಗೂಡು 2¾, 3 ಅಥವಾ 3½ ಅಂಗುಲ ಉದ್ದವಿರುತ್ತದೆ. ಒಲಿಂಪಿಕ್ ಕ್ರೀಡೆಯ ತೋಟಾದಲ್ಲಿ ಇರುವುದು ಕೇವಲ 24 ಗ್ರಾಂ ಚರೆ. ಹೆಬ್ಬಾತಿಗೆಂದು ತುಂಬುವ ದೊಡ್ಡ ತೋಟಾದಲ್ಲಿ 40 ಗ್ರಾಮಿಗೂ ಹೆಚ್ಚು. ಎರಡನ್ನೂ ನಡೆಸಬಲ್ಲ ಕೋವಿ ಬೇಕೆನ್ನುವವರಿಗೆ 3 ಅಂಗುಲದ ಗೂಡು ಬಹುಮಟ್ಟಿಗೆ ಸಾಕು. 3½ ಅಂಗುಲದ್ದು ವೆಚ್ಚವನ್ನೂ ಒದೆತವನ್ನೂ ಹೆಚ್ಚಿಸುತ್ತದೆಯೇ ಹೊರತು ಗುರಿಯನ್ನು ತಿದ್ದುವುದಿಲ್ಲ.

ಇಲ್ಲಿ ಎರಡು ಅಪಾಯಗಳಿವೆ. ಹಾರಿಸದ ಉದ್ದ ತೋಟಾ ಗಿಡ್ಡ ಗೂಡಿನಲ್ಲೂ ಹಿಡಿಸಬಹುದು. ಆದರೆ ಸಿಡಿದಾಗ ಅದರ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಗೂಡಿನ ಉದ್ದವನ್ನು ನಳಿಗೆಯ ಮೇಲೆ ಅಚ್ಚೊತ್ತಿರುತ್ತಾರೆ, ಅದನ್ನು ಓದಿಯೇ ತೋಟಾ ಕೊಳ್ಳಬೇಕು. ಇನ್ನೊಂದು, 20 ಗೇಜಿನ ತೋಟಾ 12 ಗೇಜಿನ ಗೂಡಿನೊಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿಯಿದೆಯೆಂದು ಭಾವಿಸಿ ಅದರ ಹಿಂದೆ 12ರ ತೋಟಾ ಹಾರಿಸಿದರೆ ನಳಿಗೆಯೇ ಒಡೆಯುತ್ತದೆ. 20 ಗೇಜಿನ ತೋಟಾಗಳಿಗೆ ಹಳದಿ ಬಣ್ಣ ರೂಢಿಯಾದದ್ದು ಈ ಕಾರಣದಿಂದ.

ಚರೆ ಮತ್ತು ಚೋಕ್

ಕೆರೆಯ ತಳಕ್ಕಿಳಿದ ಸೀಸದ ಚರೆಯನ್ನು ಬಾತುಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತಿದ್ದವು. ಆದ್ದರಿಂದ ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು ಹಂತಹಂತವಾಗಿ ನಿಲ್ಲಿಸಿ, 1991ರಲ್ಲಿ ದೇಶದಾದ್ಯಂತ ನಿಷೇಧಿಸಲಾಯಿತು. ಬದಲಿಗೆ ಬಂದ ಉಕ್ಕು ಸೀಸಕ್ಕಿಂತ ಹಗುರ ಹಾಗೂ ಗಟ್ಟಿ. ಹಗುರವಾದ್ದರಿಂದ ದಪ್ಪ ಚರೆ ಬೇಕಾಗುತ್ತದೆ. ಗಟ್ಟಿಯಾದ್ದರಿಂದ ನಳಿಗೆಯ ತುದಿಯನ್ನು ಕಿರಿದಾಗಿಸುವ ಚೋಕ್ ತೀರ ಬಿಗಿಯಾಗಿರಬಾರದು. ಹಳೆಯ ಕೋವಿಯನ್ನು ಅಗ್ಗಕ್ಕೆ ಕೊಳ್ಳುವವರು, ಅದು ಉಕ್ಕಿನ ಚರೆಗೆ ತಕ್ಕದ್ದೇ ಎಂದು ಮೊದಲು ಕೇಳಬೇಕು. ಬದಲಾಯಿಸಬಲ್ಲ ಚೋಕ್ ಇರುವ ಕೋವಿ ಎರಡೂ ಬಳಕೆಗೆ ಅನುಕೂಲ. ಯಾವ ಚೋಕ್ ಹೇಗೆ ಚರೆ ಹರಡುತ್ತದೆಂಬುದನ್ನು 40 ಗಜ ದೂರದ ಕಾಗದಕ್ಕೆ ಹೊಡೆದು, 30 ಅಂಗುಲದ ವೃತ್ತದೊಳಗೆ ಬಿದ್ದ ಚರೆಗಳನ್ನು ಎಣಿಸಿ ತಿಳಿಯುತ್ತಾರೆ.

ಮೈಗೆ ಹೊಂದಿಕೆ

ಶಾಟ್‌ಗನ್ನಿಗೆ ಸಾಮಾನ್ಯವಾಗಿ ಹಿಂಬದಿಯ ಗುರಿಕಂಡಿ ಇರುವುದಿಲ್ಲ. ಆ ಸ್ಥಾನದಲ್ಲಿ ಹೊಡೆಯುವವನ ಕಣ್ಣೇ ಇರುತ್ತದೆ. ಹೆಗಲಿಗೆ ಒರಗಿಸುವ ಹಿಂಭಾಗ ಉದ್ದವಾಗಿಯೋ ಗಿಡ್ಡವಾಗಿಯೋ ಇದ್ದು ಕೆನ್ನೆ ಸರಿಯಾಗಿ ಕೂರದಿದ್ದರೆ, ಎಷ್ಟೇ ಬೆಲೆಯ ಕೋವಿಯೂ ನೋಡಿದಲ್ಲಿಗೆ ಹೊಡೆಯದು. ಚಳಿಗಾಲದ ದಪ್ಪ ಕೋಟು ತೊಟ್ಟರೆ ಅದೇ ಕೋವಿ ಉದ್ದವೆನಿಸುತ್ತದೆ. ಆದ್ದರಿಂದ ಬಿಲ್ಲೆ ಹಾಕಿ ಉದ್ದವನ್ನು ಹೊಂದಿಸಬಹುದಾದ ಮಾದರಿ ಮೇಲು. ಬಹುತೇಕ ಮಾದರಿಗಳು ಖಾಲಿ ತೋಟಾವನ್ನು ಬಲಕ್ಕೆ ಎಸೆಯುತ್ತವೆ; ಎಡಗೈಯವರು ಇದನ್ನು ಗಮನಿಸಬೇಕು. ಸಾಲಿನಲ್ಲಿ ನಿಂತು ಆಡುವಾಗ ಅದು ಪಕ್ಕದವರಿಗೆ ತಾಗದಂತೆ ತಡೆ ಸಿಕ್ಕಿಸುವುದು ಮರ್ಯಾದೆ.

ಕಾನೂನು

ಅಮೆರಿಕದಲ್ಲಿ ವಲಸೆ ಬಾತುಗಳ ಬೇಟೆಗೆ ಕೋವಿಯಲ್ಲಿ ಒಟ್ಟು 3 ತೋಟಾಗಳಿಗಿಂತ ಹೆಚ್ಚು ಹಿಡಿಯದಂತೆ ಕಡ್ಡಿ ತೂರಿಸಿರಬೇಕೆಂಬ ನಿಯಮ 1935ರಿಂದ ಇದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಬಾತುಗಳ ಬೇಟೆ ಅಪರಾಧ. ಕೋವಿ ಹೊಂದಲು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಇಲ್ಲಿ ಉಳಿದಿರುವುದು ಬಿಲ್ಲೆಯ ಕ್ರೀಡೆ ಮಾತ್ರ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪ್ ವಿಭಾಗದ ಬೆಳ್ಳಿ ಗೆದ್ದದ್ದು ಈ ಕ್ರೀಡೆಯಲ್ಲೇ. ಆ ಮಟ್ಟದ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಕಾಣುವುದು ಮೇಲೆ-ಕೆಳಗೆ ಎರಡು ನಳಿಗೆಗಳಿರುವ ಕೋವಿ.