ಗೋಧಿಯ ಮೇಲಣ ಅಪವಾದ

ಕಲಾ ವಿಭಾಗದ ವಿದ್ಯಾರ್ಥಿಯು ವೈದ್ಯಶಾಸ್ತ್ರದ ವಿಷಯವನ್ನು ಕುರಿತು ಬರೆಯಹೊರಟುದನ್ನು ಕಂಡು ಗುರುಗಳು ನಗಬಹುದು. ಆದರೆ ಈ ವಿಚಾರವು ನನ್ನ ಹೊಟ್ಟೆಯಿಂದಲೇ ಆರಂಭವಾದುದರಿಂದ, ಅಷ್ಟು ಅಧಿಕಾರವಾದರೂ ನನಗುಂಟೆಂದು ಭಾವಿಸಿದ್ದೇನೆ.

ನಮ್ಮೂರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ರಾಗಿ ಬೆಳೆದು ರಾಗಿ ಉಣ್ಣುವ ಸೀಮೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹಾಸ್ಟೆಲಿಗೆ ಬಂದಮೇಲೆ ವಾರದಲ್ಲಿ ನಾಲ್ಕು ರಾತ್ರಿ ಚಪಾತಿ ಮತ್ತು ಸಾಗು. ಉಂಡ ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆಯು ಉಬ್ಬಿ ತಮಟೆಯಂತೆ ಬಿಗಿಯುತ್ತಿತ್ತು. "ನಿನಗೆ ಗ್ಲುಟೆನ್ ಒಗ್ಗುವುದಿಲ್ಲ" ಎಂದು ಗೆಳೆಯನೊಬ್ಬನು ತೀರ್ಪಿತ್ತನು. ನಾನು ನಂಬಿದೆನು. ಹೊರಗೆ ಬೇರೆ ಊಟದ ಏರ್ಪಾಡಿಗೆಂದು ಅಪ್ಪನನ್ನು ಹಣ ಕೇಳಿದೆ. ಅವರು ಮಾತಾಡದೆ ಎರಡು ಮೂಟೆ ರಾಗಿಯನ್ನು ಮಾರಿ ಕೊಟ್ಟರು.

ಗ್ಲುಟೆನ್ ಎಂದರೇನೆಂಬುದನ್ನು ಯಾರು ಬೇಕಾದರೂ ಮನೆಯಲ್ಲಿಯೇ ನೋಡಬಹುದು. ಗೋಧಿ ಹಿಟ್ಟನ್ನು ಕಲಸಿ, ಆ ಮುದ್ದೆಯನ್ನು ನೀರಿನಲ್ಲಿ ಹಿಸುಕುತ್ತ ತೊಳೆದರೆ, ಪಿಷ್ಟವೆಲ್ಲ ಹಾಲಿನಂತೆ ಹರಿದುಹೋಗಿ ಕೈಯಲ್ಲಿ ರಬ್ಬರಿನಂತಹ ಅಂಟೊಂದು ಉಳಿಯುತ್ತದೆ. ಇದೇ ಗ್ಲುಟೆನ್; ಒಂದು ಬಗೆಯ ಸಸಾರಜನಕ. ಚಪಾತಿಯು ಹರಿಯದೆ ಅಗಲವಾಗುವುದೂ ಬ್ರೆಡ್ಡು ಉಬ್ಬುವುದೂ ಇದರ ಬಲದಿಂದಲೇ. ಬಾರ್ಲಿಯಲ್ಲಿಯೂ ಇದರ ಬಳಗವುಂಟು. ಉತ್ತರ ಕರ್ನಾಟಕದ ಜವೆಗೋಧಿಯು ಹಳೆಯ ತಳಿಯಾದ ಮಾತ್ರಕ್ಕೆ ಇದರಿಂದ ಮುಕ್ತವಲ್ಲ. ರಾಗಿ, ಅಕ್ಕಿ, ಜೋಳಗಳಲ್ಲಿ ಮಾತ್ರ ಇದಿಲ್ಲ. ರಾಗಿ ರೊಟ್ಟಿಯನ್ನು ಮೆಲ್ಲಗೆ ತಟ್ಟಬೇಕಾದುದು ಆ ಕಾರಣದಿಂದ.

ದಸರಾ ರಜೆಯಲ್ಲಿ ಊರಿನಲ್ಲಿ ಹತ್ತು ದಿನ ರೊಟ್ಟಿ, ಮುದ್ದೆ ಉಂಡು ಸುಖವಾಗಿದ್ದೆ. "ನೋಡವ್ವ, ಗೋಧಿ ಬಿಟ್ಟಮೇಲೆ ಹೊಟ್ಟೆ ಹೆಂಗೆ ಹಗುರಾಗದೆ" ಎಂದೆ. ಅವ್ವ ಒಲೆಯ ಮುಂದಿನಿಂದಲೇ, "ರೊಟ್ಟಿ ಕಿತ್ತೋಯ್ತದೆ ಅಂತ ದಿನಾ ಒಂದು ಹಿಡಿ ಗೋಧಿ ಹಿಟ್ಟು ಸೇರಿಸ್ತಿದ್ನಲ್ಲೋ ಮಗಾ!" ಎಂದಳು.

ನನಗೆ ನಾಚಿಕೆಯಾಯಿತು. ಮಾರಿದ ರಾಗಿಯ ನೆನಪೂ ಆಯಿತು. ಒಂದು ಹಿಡಿ ಹಿಟ್ಟಿನಿಂದ ಶಾಸ್ತ್ರವು ಸಿದ್ಧವಾಗದಾದರೂ ಸಂದೇಹ ಹುಟ್ಟಲು ಅದು ಸಾಕಾಗಿತ್ತು. ಇಂಗ್ಲಿಷ್ ಉಪನ್ಯಾಸಕರ ನೆರವು ಪಡೆದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಸಂಶೋಧನಾ ಲೇಖನಗಳನ್ನು ಓದತೊಡಗಿದೆ.

ಮೊದಲು ಒಂದು ಮಾತು. ಸೀಲಿಯಾಕ್ ಎಂಬ ರೋಗವು ನಿಜವಾದುದು, ಕಠಿಣವಾದುದು. ಅದರಲ್ಲಿ ಗ್ಲುಟೆನ್ ನಿಮಿತ್ತವಾಗಿ ದೇಹದ ರಕ್ಷಣಾಶಕ್ತಿಯೇ ಸಣ್ಣಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ರಕ್ತಹೀನತೆಯುಂಟಾಗುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಗೋಧಿಯೇ ಇದಕ್ಕೆ ಕಾರಣವೆಂದು ತೋರಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಅವನ ಪ್ರಬಂಧ 1950ರದು. ನಮ್ಮ ದೇಶದಲ್ಲಿ 23,331 ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ ಈ ರೋಗವನ್ನು ಸೂಚಿಸುವ ಪ್ರತಿಕಾಯಗಳು ರಕ್ತದಲ್ಲಿ ಕಂಡುಬಂದವರು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ಕೇವಲ 0.10. ರೋಗಕ್ಕೆ ಎಡೆಗೊಡುವ ಆನುವಂಶಿಕ ಗುಣವಾದರೋ ಎರಡು ಕಡೆಯೂ ಹೆಚ್ಚುಕಡಿಮೆ ಸಮನಾಗಿತ್ತು. ದಿನಕ್ಕೆ ತಿನ್ನುವ ಗೋಧಿ ಮಾತ್ರ ಅಲ್ಲಿ 455 ಗ್ರಾಂ, ಇಲ್ಲಿ 25 ಗ್ರಾಂ.

ನನ್ನಂತಹವರ ಪ್ರಶ್ನೆ ಬೇರೆ. ಸೀಲಿಯಾಕ್ ಇಲ್ಲ, ಗೋಧಿಯ ಅಲರ್ಜಿಯೂ ಇಲ್ಲ. ಆದರೂ ಗ್ಲುಟೆನ್ ಬಾಧಿಸಬಲ್ಲುದೇ? 2011ರಲ್ಲಿ ಆಸ್ಟ್ರೇಲಿಯದ ಮೊನಾಷ್ ವಿಶ್ವವಿದ್ಯಾಲಯದವರು, ಪೀಟರ್ ಗಿಬ್ಸನ್ ಎಂಬವರ ನೇತೃತ್ವದಲ್ಲಿ, ಅಂತಹ 34 ಜನರಿಗೆ ಬ್ರೆಡ್ಡನ್ನೂ ಮಫಿನ್ನನ್ನೂ ಕೊಟ್ಟರು. ಯಾವುದರಲ್ಲಿ ಗ್ಲುಟೆನ್ ಇದೆಯೆಂಬುದು ಕೊಡುವವರಿಗೂ ತಿಳಿಯದು, ತಿನ್ನುವವರಿಗೂ ತಿಳಿಯದು. ಗ್ಲುಟೆನ್ ತಿಂದವರಲ್ಲಿ ನೂರಕ್ಕೆ 68 ಮಂದಿ ಬಾಧೆ ಹತೋಟಿಯಲ್ಲಿಲ್ಲವೆಂದರು; ತಿನ್ನದವರಲ್ಲಿ 40. ಗೋಧಿಯ ಮೇಲಿನ ದೂರು ರುಜುವಾತಾದಂತೆಯೇ ಕಂಡಿತು.

ಆದರೆ ಅದೇ ಗಿಬ್ಸನ್ನರ ತಂಡವು ಅಲ್ಲಿಗೆ ತೃಪ್ತವಾಗಲಿಲ್ಲವೆಂಬುದೇ ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. 2013ರಲ್ಲಿ 37 ಜನರಿಗೆ ಮೊದಲು ಕರುಳಿನಲ್ಲಿ ಹುಳಿತು ವಾಯುವನ್ನುಂಟುಮಾಡುವ ಕೆಲವು ಬಗೆಯ ಶರ್ಕರಗಳಿಲ್ಲದ ಆಹಾರವನ್ನು ಕೊಟ್ಟರು. ಎಲ್ಲರೂ ಸುಧಾರಿಸಿದರು. ಅನಂತರ ಗುಟ್ಟಾಗಿ ಗ್ಲುಟೆನ್ ಸೇರಿಸಿದರೆ, ಅದು ಗ್ಲುಟೆನ್ ಇಲ್ಲದ ಆಹಾರಕ್ಕಿಂತ ಹೆಚ್ಚು ಬಾಧಿಸಲಿಲ್ಲ. ತಮ್ಮ ಹಿಂದಿನ ಮಾತನ್ನು ತಾವೇ ಅಲ್ಲಗಳೆದಂತಾಯಿತು.

2018ರಲ್ಲಿ ಪ್ರಕಟವಾದ ನಾರ್ವೆಯ ಪರೀಕ್ಷೆ ಇನ್ನೂ ಸ್ಪಷ್ಟ. ಸ್ವಂತ ನಿರ್ಧಾರದಿಂದ ಗೋಧಿಯನ್ನು ತೊರೆದಿದ್ದ 59 ಜನರು ಏಳೇಳು ದಿನ ಮೂರು ಬಗೆಯ ತಿಂಡಿಯನ್ನು ತಿಂದರು: ಒಂದರಲ್ಲಿ ಗ್ಲುಟೆನ್, ಒಂದರಲ್ಲಿ ಫ್ರಕ್ಟಾನ್, ಮತ್ತೊಂದರಲ್ಲಿ ಎರಡೂ ಇಲ್ಲ. ಹೆಚ್ಚು ಬಾಧೆ ಕೊಟ್ಟುದು ಫ್ರಕ್ಟಾನ್. ಇದು ಗೋಧಿಯಲ್ಲಿಯೇ ಇರುವ, ನಮ್ಮ ಸಣ್ಣಕರುಳು ಜೀರ್ಣಿಸಲಾರದ ಶರ್ಕರ. ಈರುಳ್ಳಿ ಬೆಳ್ಳುಳ್ಳಿಗಳಲ್ಲಿ ಧಾರಾಳವಾಗಿದೆ. ನನ್ನ ಕಣ್ಣೆದುರಿಗೆ ಹಾಸ್ಟೆಲಿನ ಸಾಗು ಬಂದು ನಿಂತಿತು! ಇಷ್ಟು ದಿನ ಚಪಾತಿಯನ್ನು ಬೈದೆನಲ್ಲದೆ ಅದರ ಜೊತೆಗಾರನನ್ನು ವಿಚಾರಿಸಿರಲಿಲ್ಲ.

ಇನ್ನೊಂದು ಅಂಶ ನಿರೀಕ್ಷೆಯದು. ನೆದರ್ಲೆಂಡ್ಸ್ ಮತ್ತು ಇಂಗ್ಲೆಂಡಿನವರು 83 ಜನರ ಮೇಲೆ ನಡೆಸಿ, 2023ರ ಕೊನೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, "ಇದರಲ್ಲಿ ಗ್ಲುಟೆನ್ ಇದೆ" ಎಂಬ ಮಾತನ್ನು ಕೇಳಿ, ನಿಜವಾಗಿಯೂ ಗ್ಲುಟೆನ್ ತಿಂದವರಿಗೆ ಬಾಧೆ ಅತ್ಯಧಿಕ. ಇಲ್ಲವೆಂದು ನಂಬಿ ತಿಂದವರಿಗೆ ಕಡಿಮೆ. ಹಾಗೆಂದು ಹೊಟ್ಟೆನೋವು ಸುಳ್ಳೆನ್ನಲಾಗದು. ನನ್ನದಂತೂ ಸುಳ್ಳಾಗಿರಲಿಲ್ಲ. ಗುಟ್ಟಾಗಿ ಕೊಟ್ಟಾಗಲೂ ಗ್ಲುಟೆನ್ನಿನಿಂದಲೇ ಬಾಧೆಪಡುವ ಕೆಲವರು ಈ ಪರೀಕ್ಷೆಗಳಲ್ಲಿ ಅಲ್ಲಲ್ಲಿ ಕಂಡಿದ್ದಾರೆ. ಆದರೆ ತಮಗೆ ಹಾಗಾಗುತ್ತದೆಂದು ನಂಬಿರುವವರಿಗಿಂತ ಅವರ ಸಂಖ್ಯೆ ಬಹಳ ಸಣ್ಣದು. ಅಂತಹವರನ್ನು ಗುರುತಿಸುವ ರಕ್ತಪರೀಕ್ಷೆಯೂ ಇಲ್ಲ.

ಸೀಲಿಯಾಕ್ ರೋಗಕ್ಕಾದರೆ ಪರೀಕ್ಷೆಯುಂಟು. ಸಹಪಾಠಿಗಳು ಇದೊಂದನ್ನು ಗಮನಿಸಬೇಕು: ಗೋಧಿಯನ್ನು ತಿನ್ನುತ್ತಿರುವಾಗಲೇ ಆ ಪರೀಕ್ಷೆಯನ್ನು ಮಾಡಿಸಬೇಕು. ಬಿಟ್ಟು ತಿಂಗಳುಗಳಾದಮೇಲೆ ಮಾಡಿಸಿದರೆ, ರೋಗವಿದ್ದರೂ ರಕ್ತದಲ್ಲಿ ಕಾಣದೆ ಹೋಗಬಹುದು. ನಾನು ಮಾಡಿದ್ದು ಆ ತಪ್ಪನ್ನೇ. ಪುನಃ ಕೆಲವು ವಾರ ಚಪಾತಿ ತಿಂದು, ವೈದ್ಯರ ಸಲಹೆಯಂತೆ ಪರೀಕ್ಷೆ ಮಾಡಿಸಿದೆ; ರೋಗವಿರಲಿಲ್ಲ.

ಈಗ ಹಾಸ್ಟೆಲಿನ ಪಂಕ್ತಿಗೆ ಮರಳಿದ್ದೇನೆ. ಉಳಿದಿದ್ದ ಹಣವನ್ನು ಅಪ್ಪನಿಗೆ ಕೊಟ್ಟೆ. ಚಪಾತಿ ಎರಡು ತಿನ್ನುತ್ತೇನೆ. ಮೊದಮೊದಲು ಸಾಗುವಿನ ಈರುಳ್ಳಿಯನ್ನಷ್ಟೇ ತಟ್ಟೆಯಂಚಿಗೆ ಸರಿಸುತ್ತಿದ್ದೆ. ಫ್ರಕ್ಟಾನ್ ನೀರಿನಲ್ಲಿ ಕರಗತಕ್ಕದ್ದೆಂದು ಓದಿದ ಮೇಲೆ, ಅರ್ಧ ಸೌಟು ಸಾಕೆಂದು ಬಡಿಸುವವರಿಗೆ ಹೇಳುತ್ತೇನೆ.